ಗುಲಾಬಿ ಘಮದ ಟೈರು, ಹಳದಿ ಬಣ್ಣದ ಬಿಸ್ಕತ್ತು

ಗುಲಾಬಿಗೂ ರಬ್ಬರ್ ಟೈರಿಗೂ ಏನು ನಂಟು? ನಂಟಿಲ್ಲ ಎಂಬುದೇ ಜಪಾನಿನ ಸುಮಿಟೊಮೊ ರಬ್ಬರ್ ಕಂಪನಿಗೆ ವರವಾಯಿತು. ತನ್ನ ಟೈರುಗಳ ಗುಲಾಬಿ ಘಮವನ್ನೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಡಿ ಎಂದು ಅದು ಕೇಳಿತ್ತು. 2025ರ ನವೆಂಬರ್‌ನಲ್ಲಿ ಭಾರತದ ಟ್ರೇಡ್‌ಮಾರ್ಕ್ ಕಚೇರಿ ಆ ಅರ್ಜಿಯನ್ನು ಪ್ರಕಟಣೆಗೆ ಅಂಗೀಕರಿಸಿತು; ವಾಸನೆಯೊಂದು ಇಲ್ಲಿ ಈ ಹೊಸ್ತಿಲು ದಾಟಿದ್ದು ಇದೇ ಮೊದಲು. ಗುರುತನ್ನು ಕಾಗದದ ಮೇಲೆ ಮೂಡಿಸಿ ತೋರಿಸುವಂತಿರಬೇಕು ಎನ್ನುತ್ತದೆ 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಘಮವನ್ನು ಮೂಡಿಸುವುದು ಹೇಗೆ? ಅಲಹಾಬಾದಿನ ಐಐಐಟಿ ಸಂಶೋಧಕರು ಹೂವು, ಹಣ್ಣು, ಮರ ಮುಂತಾಗಿ ವಾಸನೆಯನ್ನು ಏಳು ಬಗೆಯಾಗಿ ಅಳೆದು ನಕ್ಷೆ ಬರೆದುಕೊಟ್ಟರು. ಬ್ರಿಟನ್ ಈ ಘಮವನ್ನು 1996ರಲ್ಲೇ ನೋಂದಾಯಿಸಿಕೊಂಡಿತ್ತು.

ನಗು ಬಂದರೂ ಇದರಿಂದ ಯಾರ ಗಂಟೂ ಹೋಗುವುದಿಲ್ಲ. ಗುಲಾಬಿ ಘಮವಿಲ್ಲದೆ ಟೈರು ಮಾರಲಾರೆ ಎಂದು ಬೇರಾವ ಕಂಪನಿಯೂ ಕೊರಗದು. ಧ್ವನಿಯದ್ದೂ ಇದೇ ಕಥೆ. ಯಾಹೂ ತನ್ನ ರಾಗದ ಕೂಗನ್ನು 2008ರಲ್ಲಿ, ಐಸಿಐಸಿಐ ಬ್ಯಾಂಕ್ ತನ್ನ ಜಿಂಗಲ್ಲನ್ನು 2011ರಲ್ಲಿ ಇಲ್ಲಿ ನೋಂದಾಯಿಸಿದವು. 2017ರ ನಿಯಮಗಳ ಪ್ರಕಾರ 30 ಸೆಕೆಂಡು ಮೀರದ ಎಂಪಿ3 ಕಡತ, ಜೊತೆಗೆ ಸ್ವರಲಿಪಿ ಕೊಟ್ಟರೆ ಅರ್ಜಿ ಹಾಕಬಹುದು. ಒಬ್ಬರ ರಾಗ ಬೀಗದೊಳಗೆ ಹೋದರೆ ಇನ್ನೊಬ್ಬರು ಹೊಸದನ್ನು ಕಟ್ಟಿಕೊಂಡಾರು.

ಬಣ್ಣದ ಮಾತೇ ಬೇರೆ. ಅಂಗಡಿಯ ಕಪಾಟಿನಲ್ಲಿ ಕಣ್ಣಿಗೆ ಹೊಡೆಯುವ ಬಣ್ಣಗಳೇ ಬೆರಳೆಣಿಕೆಯಷ್ಟು.

ಐಟಿಸಿಯ ಡೈಜೆಸ್ಟಿವ್ ಬಿಸ್ಕತ್ತು 2016ರಲ್ಲಿ ಹಳದಿ–ನೀಲಿ ಪೊಟ್ಟಣದಲ್ಲಿ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಕಚೇರಿ ಇರುವ ಬ್ರಿಟಾನಿಯಾ ಕೂಡ ಅಂಥದ್ದೇ ಬಣ್ಣದಲ್ಲಿ ತನ್ನದನ್ನು ತಂದಿತು. ಐಟಿಸಿ ಕೋರ್ಟಿಗೆ ಹೋಯಿತು. ಅದು ನೋಂದಣಿಯ ಜಗಳವಲ್ಲ, ನಮ್ಮ ಮಾಲಿನ ಸೋಗಿನಲ್ಲಿ ಮಾರುತ್ತಿದ್ದಾರೆ ಎಂಬ ದೂರು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಐಟಿಸಿ ಪರ ನಿಂತಿತು. 2017ರ ಮಾರ್ಚಿನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ತೆಗೆದುಹಾಕಿತು: ಬಣ್ಣಗಳ ಜೋಡಿಗೆ ಹುಟ್ಟಿನಿಂದ ಯಾರ ಗುರುತೂ ಇರುವುದಿಲ್ಲ, ಗ್ರಾಹಕರ ಮನಸ್ಸಿನಲ್ಲಿ ಅದು ಬೇರೂರಲು ಕೆಲವೇ ತಿಂಗಳು ಸಾಲದು. ಸರಿಯಾದ ತೀರ್ಪು. ಅಲ್ಲವಾಗಿದ್ದರೆ ಮೊದಲು ಬಳಿದವನಿಗೇ ಬಣ್ಣ ಎಂದಾಗುತ್ತಿತ್ತು.

ಆಕಾರದಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ. ಟ್ರೇಡ್‌ಮಾರ್ಕನ್ನು ಹತ್ತತ್ತು ವರ್ಷಕ್ಕೆ ನವೀಕರಿಸುತ್ತ ಹೋದರೆ ಕೊನೆಯೇ ಇಲ್ಲ. ಪೇಟೆಂಟ್ ತೀರಿದ ಇಟ್ಟಿಗೆಯನ್ನು ಲೆಗೋ ಈ ಹಿಂಬಾಗಿಲಿನಿಂದ ಉಳಿಸಿಕೊಳ್ಳಲು ನೋಡಿತು. ಒಂದಕ್ಕೊಂದು ಕಚ್ಚಿಕೊಳ್ಳಲೆಂದೇ ಆ ಆಕಾರ ಇರುವುದು ಎಂದು ಐರೋಪ್ಯ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ನಮ್ಮ ಕಾಯ್ದೆಯ 9ನೇ ಸೆಕ್ಷನ್ ಕೂಡ ಇದೇ ಗೋಡೆ ಕಟ್ಟಿದೆ. ಆದರೆ ಈರುಳ್ಳಿಯಂಥ ರಷ್ಯನ್ ಗುಮ್ಮಟದ ಬಾಟಲಿಯಿಂದ ವೋಡ್ಕಾದ ರುಚಿಯೇನೂ ಹೆಚ್ಚದು. ಆದ್ದರಿಂದಲೇ 2011ರಲ್ಲಿ ಬಾಂಬೆ ಹೈಕೋರ್ಟ್ ಗೋರ್ಬಚೋವ್ ವೋಡ್ಕಾ ಪರ ನಿಂತು, ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ಗೆ ಅಂಥದ್ದೇ ಬಾಟಲಿ ಬಳಸದಂತೆ ತಡೆಯೊಡ್ಡಿದ್ದು ನ್ಯಾಯವೇ.

ಗುರುತು ಕಾಗದಕ್ಕೆ ಇಳಿಯಲೇಬೇಕೆಂಬ ಷರತ್ತನ್ನು ಐರೋಪ್ಯ ಒಕ್ಕೂಟ 2017ರಲ್ಲೇ ಕೈಬಿಟ್ಟಿತು. ನಮ್ಮ ಸಂಸತ್ತೂ ಬಿಡಲಿ. ಪ್ರತಿ ಘಮಕ್ಕೂ ಐಐಐಟಿಯ ಬಾಗಿಲು ತಟ್ಟುವುದು ಸಣ್ಣ ಉದ್ಯಮಿಗಳಿಂದ ಆಗದ ಕೆಲಸ. ಕಾಯ್ದೆಯ ವ್ಯಾಖ್ಯೆ ಹೇಳುವುದು ‘ಬಣ್ಣಗಳ ಸಂಯೋಜನೆ’ಯನ್ನು. ಅದನ್ನು ಹಿಗ್ಗಿಸಿ ಒಂಟಿ ಬಣ್ಣವನ್ನೇ ಕೇಳಿಕೊಂಡು ಬರುವವರ ಮುಂದೆ ಮಾತ್ರ ಕಚೇರಿ ಬಿಗಿಯಾಗಬೇಕು. ಜಾಹೀರಾತಿಗೆ ಸುರಿದ ಕೋಟಿಗಳ ಲೆಕ್ಕವನ್ನು ಪಕ್ಕಕ್ಕಿಟ್ಟು, ಹೆಸರು ಮುಚ್ಚಿದ ಪೊಟ್ಟಣವನ್ನು ಎಷ್ಟು ಗ್ರಾಹಕರು ಗುರುತಿಸಿದರು ಎಂಬ ಸಮೀಕ್ಷೆಯನ್ನು ಕೇಳಬೇಕು.