ಗಡುವು ಸಂಶೋಧಕರಿಗೆ ಮಾತ್ರವೇ?

2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿಗೀಡಾದರು. ಆ ಬಳಿಕ ದೇಶಾದ್ಯಂತ ನಡೆದ ಚರ್ಚೆ ಜಾತಿ ತಾರತಮ್ಯ, ಅಮಾನತು ಆದೇಶ, ಕೇಂದ್ರ ಸಚಿವರ ಪತ್ರ ಇವುಗಳ ಸುತ್ತ ಸಾಗಿತು. ಆ ಚರ್ಚೆ ಅಗತ್ಯವೇ ಆಗಿತ್ತು. ಆದರೆ ಅವರ ಕೊನೆಯ ಪತ್ರದಲ್ಲಿದ್ದ ಒಂದು ಲೆಕ್ಕ ಆ ಗದ್ದಲದಲ್ಲಿ ಮರೆಯಾಯಿತು. ತನಗೆ ಏಳು ತಿಂಗಳ ಫೆಲೋಶಿಪ್, ಅಂದರೆ 1 ಲಕ್ಷ 75 ಸಾವಿರ ರೂಪಾಯಿ ಬರಲು ಬಾಕಿಯಿದೆ, ಅದನ್ನು ತನ್ನ ಕುಟುಂಬಕ್ಕೆ ತಲುಪಿಸಬೇಕು ಎಂದು ಆ ಯುವಕ ಕೋರಿಕೊಂಡಿದ್ದರು. ಹಣ ತಡವಾದದ್ದಕ್ಕೆ ಕಾಗದಪತ್ರಗಳ ವಿಳಂಬವೇ ಕಾರಣವೆಂದು ವಿಶ್ವವಿದ್ಯಾನಿಲಯದ ಕಡೆಯಿಂದ ಸಮಜಾಯಿಷಿಯೂ ಬಂತು. ಸಮಜಾಯಿಷಿಯನ್ನು ಹಾಗೆಯೇ ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ. ಕಚೇರಿಯ ಕಡತವೊಂದು ಏಳು ತಿಂಗಳು ಮಲಗಿದರೆ ಅದರ ಬೆಲೆಯನ್ನು ತೆರಬೇಕಾದವರು ಯಾರು?

ಸಂಶೋಧನಾ ವಿದ್ಯಾರ್ಥಿಗಳದ್ದು ವಿಚಿತ್ರವಾದ ಸ್ಥಿತಿ. ಅವರು ತರಗತಿಗಳನ್ನು ತೆಗೆದುಕೊಳ್ಳುತ್ತಾರೆ, ಉತ್ತರ ಪತ್ರಿಕೆಗಳ ಕೆಲಸ ಮಾಡುತ್ತಾರೆ, ವಿಭಾಗದ ವಿಚಾರ ಸಂಕಿರಣಗಳಿಗೆ ಬೆವರು ಸುರಿಸುತ್ತಾರೆ. ಆಗ ಅವರು ನೌಕರರಂತೆ. ಆದರೆ ಸಂಬಳ, ರಜೆ, ಭವಿಷ್ಯನಿಧಿಯ ಮಾತು ಬಂದ ಕೂಡಲೇ ಅವರು ಬರೀ ವಿದ್ಯಾರ್ಥಿಗಳು. ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲಿ ಮನೆಯ ಹೊಣೆ ಹೆಗಲೇರಿರುತ್ತದೆ. ಅವರ ಪಾಲಿಗೆ ಫೆಲೋಶಿಪ್ ಎಂಬುದು ಬಹುಮಾನವಲ್ಲ, ಅನ್ನ. ಆ ಅನ್ನಕ್ಕೆ ಮಾರ್ಗದರ್ಶಕರ ಸಹಿ, ವಿಭಾಗ ಮುಖ್ಯಸ್ಥರ ಸಹಿ, ಫೆಲೋಶಿಪ್ ಶಾಖೆಯ ಮುದ್ರೆ, ಹಣಕಾಸು ಅಧಿಕಾರಿಯ ಒಪ್ಪಿಗೆ, ಕೊನೆಗೆ ದಿಲ್ಲಿಯ ಜಾಲತಾಣದಲ್ಲಿ ದೃಢೀಕರಣ ಇವೆಲ್ಲವೂ ಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಹಣವಿಲ್ಲ. ಯಾವ ಕೊಂಡಿ ಕಳಚಿತೆಂದು ಹೇಳುವವರೂ ಇಲ್ಲ.

ನಿಯಮಗಳಿಲ್ಲವೆಂದಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009, 2016 ಮತ್ತು 2022ರಲ್ಲಿ ಪಿಎಚ್.ಡಿ. ನಿಯಮಾವಳಿಗಳನ್ನು ಹೊರಡಿಸಿದೆ. 2022ರ ನಿಯಮಾವಳಿಯ ಪ್ರಕಾರ ಅಧ್ಯಯನದ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೂ ಅಂಗವಿಕಲರಿಗೂ ಅದರ ಮೇಲೆ ಎರಡು ವರ್ಷಗಳ ವಿನಾಯಿತಿ ಇದೆ. ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗಿನ ರಜೆಯೂ ಇದೆ. ಇವು ಸ್ವಾಗತಾರ್ಹ. ಪ್ರಬಂಧ ಸಲ್ಲಿಸಿದ ಆರು ತಿಂಗಳೊಳಗೆ ಮೌಲ್ಯಮಾಪನ, ಮೌಖಿಕ ಪರೀಕ್ಷೆ, ಫಲಿತಾಂಶ ಎಲ್ಲವೂ ಮುಗಿಯಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ಆದರೆ ಈ ಎರಡು ಗಡುವುಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ವಿದ್ಯಾರ್ಥಿಯು ತನ್ನ ಗಡುವು ಮೀರಿದರೆ ನೋಂದಣಿ ರದ್ದಾಗುತ್ತದೆ, ವರ್ಷಗಳ ಶ್ರಮ ನೀರು ಪಾಲಾಗುತ್ತದೆ. ವಿಶ್ವವಿದ್ಯಾನಿಲಯವು ತನ್ನ ಗಡುವು ಮೀರಿದರೆ? ಏನೂ ಆಗುವುದಿಲ್ಲ. ಪ್ರಬಂಧವು ಪರೀಕ್ಷಕರ ಮೇಜಿನಲ್ಲೋ ಮೌಲ್ಯಮಾಪನ ಕುಲಸಚಿವರ ಕಪಾಟಿನಲ್ಲೋ ವರ್ಷಗಟ್ಟಲೆ ಕುಳಿತರೂ ಯಾರಿಗೂ ನೋಟೀಸು ಹೋಗುವುದಿಲ್ಲ. ಅಷ್ಟರಲ್ಲಿ ಫೆಲೋಶಿಪ್ ಮುಗಿದಿರುತ್ತದೆ, ಹಾಸ್ಟೆಲ್ ಖಾಲಿ ಮಾಡಬೇಕಾಗಿರುತ್ತದೆ, ಉಪನ್ಯಾಸಕ ಹುದ್ದೆಯ ಅರ್ಜಿಯ ಕೊನೆಯ ದಿನಾಂಕ ಕಳೆದಿರುತ್ತದೆ.

ಒಂದು ಕಡೆಗೆ ಮಾತ್ರ ಕಚ್ಚುವ ನಿಯಮವನ್ನು ನಿಯಮವೆನ್ನುವುದು ಹೇಗೆ? ಅದು ಬಲಾಢ್ಯರ ಅನುಕೂಲ ಅಷ್ಟೆ.

ಹಣದ ವಿಷಯದಲ್ಲೂ ಇದೇ ಕತೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ನೆಟ್ ಅರ್ಹತೆ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಿಂಗಳಿಗೆ 8 ಸಾವಿರ ರೂಪಾಯಿ ಎಂದು 2012ರಲ್ಲಿ ನಿಗದಿಯಾಯಿತು. 2015ರ ಅಕ್ಟೋಬರ್‌ನಲ್ಲಿ ಆಯೋಗವು ಅದನ್ನೂ ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದಿಲ್ಲಿಯ ಆಯೋಗದ ಕಚೇರಿಯ ಮುಂದೆ ರಾತ್ರಿಗಳನ್ನು ಕಳೆದರು, ಲಾಠಿಯೇಟು ತಿಂದರು. ಫೆಲೋಶಿಪ್ ಉಳಿಯಿತು. ಆದರೆ ಹತ್ತು ವರ್ಷ ಕಳೆದರೂ ಮೊತ್ತ ಏರಲಿಲ್ಲ. ಇದೇ ಅವಧಿಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಹಲವು ಬಾರಿ ಏರಿ 2023ರ ಜನವರಿಯಿಂದ 37 ಸಾವಿರ ರೂಪಾಯಿ ತಲುಪಿತು. ಆ ಏರಿಕೆ ನ್ಯಾಯವೇ. ಆದರೆ ಒಂದೇ ವಿಭಾಗದಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತು ಸಮಾನ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರ ಕಾಲು ಭಾಗವೂ ಸಿಗದಿರುವುದಕ್ಕೆ ಯಾವ ಸಮರ್ಥನೆಯಿದೆ?

ಪ್ರವೇಶದ ಬಾಗಿಲಲ್ಲೂ ಆಡಳಿತದ ಒಂದು ವಾಕ್ಯ ಎಷ್ಟು ಜನರ ಹಣೆಬರಹವನ್ನು ಬರೆಯಬಲ್ಲದೆಂಬುದಕ್ಕೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ ಸಾಕ್ಷಿ. 2016ರ ನಿಯಮಾವಳಿಯು ಲಿಖಿತ ಪರೀಕ್ಷೆಯನ್ನು ಅರ್ಹತೆಗೆ ಮಾತ್ರ ಸೀಮಿತಗೊಳಿಸಿತು. ಅದರೊಂದಿಗೆ ಮೌಖಿಕ ಸಂದರ್ಶನವೇ ಆಯ್ಕೆಯನ್ನು ನಿರ್ಧರಿಸತೊಡಗಿತು. ಮೌಖಿಕದಲ್ಲಿ ಸಾಮಾಜಿಕ ಹಿನ್ನೆಲೆಗೆ ತಕ್ಕಂತೆ ಅಂಕಗಳು ಏರುಪೇರಾಗುತ್ತವೆ ಎಂದು ಅದೇ ವಿಶ್ವವಿದ್ಯಾನಿಲಯದ ಅಬ್ದುಲ್ ನಾಫೆ ಸಮಿತಿಯು ಗುರುತಿಸಿ, ಮೌಖಿಕದ ಅಂಕಗಳನ್ನು 30ರಿಂದ 15ಕ್ಕೆ ಇಳಿಸಲು ಶಿಫಾರಸು ಮಾಡಿತ್ತು. ನಡೆದದ್ದು ತದ್ವಿರುದ್ಧ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಪಿಎಚ್.ಡಿ. ವಿದ್ಯಾರ್ಥಿಗಳೆಂಬ ಮಿತಿಯನ್ನು ಅನ್ವಯಿಸಿದಾಗ ಸಾವಿರದ ಆಸುಪಾಸಿನಲ್ಲಿದ್ದ ಸಂಶೋಧನಾ ಸೀಟುಗಳು 2017ರಲ್ಲಿ 194ಕ್ಕೆ ಕುಸಿದವು. ಪ್ರತಿಭಟನೆಗಳ ಬಳಿಕ 2018ರಲ್ಲಿ ಲಿಖಿತಕ್ಕೆ 70, ಮೌಖಿಕಕ್ಕೆ 30ರ ಅನುಪಾತವೂ ಹಿಂದುಳಿದ ವರ್ಗಗಳಿಗೆ ರಿಯಾಯಿತಿಯೂ ಮರಳಿದವು. ಆದರೆ ಆ ನಡುವೆ ಬಾಗಿಲು ಮುಚ್ಚಿಸಿಕೊಂಡವರಿಗೆ ಆ ವರ್ಷಗಳನ್ನು ಮರಳಿಸುವವರಾರು?

ಮಾರ್ಗದರ್ಶಕರಿಗೆ ಮಿತಿ ಇರಬೇಕೆಂಬುದನ್ನು ನಾವು ವಿರೋಧಿಸುವುದಿಲ್ಲ. ಹತ್ತಾರು ವಿದ್ಯಾರ್ಥಿಗಳನ್ನು ಹಚ್ಚಿಕೊಂಡು ಒಬ್ಬರ ಪ್ರಬಂಧವನ್ನೂ ಸರಿಯಾಗಿ ಓದದ ಮಾರ್ಗದರ್ಶಕರಿಂದ ಸಂಶೋಧನೆ ಬೆಳೆಯದು. ಆದರೆ ಖಾಯಂ ಅಧ್ಯಾಪಕರು ಮಾತ್ರ ಮಾರ್ಗದರ್ಶನ ಮಾಡಬಹುದೆಂಬ ನಿಯಮವನ್ನು ಮಾಡಿ, ಖಾಯಂ ಹುದ್ದೆಗಳನ್ನು ತುಂಬದೆ ಬಿಡುವುದು ಬಾವಿ ತೋಡಿ ಹಗ್ಗ ಕೊಡದಂತೆ. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳು ಇಂದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಒಬ್ಬ ಪ್ರಾಧ್ಯಾಪಕರು ನಿವೃತ್ತರಾಗಿ ಆ ಹುದ್ದೆ ಖಾಲಿ ಉಳಿದರೆ ಎಂಟು ಮಂದಿಯ ಸಂಶೋಧನೆಯ ಅವಕಾಶವೂ ಅದರೊಂದಿಗೆ ನಿವೃತ್ತವಾಗುತ್ತದೆ. ಸೀಟು ಕಡಿತದ ಆದೇಶವನ್ನು ಯಾರೂ ಹೊರಡಿಸಬೇಕಾಗಿಲ್ಲ.

ಈ ವ್ಯವಸ್ಥೆಯಲ್ಲಿ ಮೊದಲು ಉದುರುವವರು ಯಾರು? ಮನೆಯಿಂದ ಹಣ ತರಿಸಿಕೊಳ್ಳಬಲ್ಲವರು ಏಳು ತಿಂಗಳು ಕಾಯಬಲ್ಲರು. ಕುಟುಂಬದಲ್ಲಿ ಮೊದಲ ಬಾರಿಗೆ ಪದವಿ ಪಡೆದವರು ಕಾಯಲಾರರು. ದಲಿತರು, ಹಿಂದುಳಿದವರು, ಮುಸ್ಲಿಮರು, ಅದರಲ್ಲೂ ಹೆಣ್ಣುಮಕ್ಕಳು ಸದ್ದಿಲ್ಲದೆ ಹೊರನಡೆಯುತ್ತಾರೆ. ಪ್ರತಿಷ್ಠಿತ ಕಾಲೇಜುಗಳ ಸ್ನಾತಕ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬರು, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರೆಂದು 2006ರಲ್ಲಿ ಸಾಚಾರ್ ಸಮಿತಿಯು ಹೇಳಿತ್ತು. ಮೆಟ್ಟಿಲು ಏರಿದಂತೆ ಸಂಖ್ಯೆ ಅರ್ಧವಾಗುತ್ತದೆ. ಆ ಮೆಟ್ಟಿಲಿಗೆ ಊರುಗೋಲಾಗಿ 2009ರಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಬಂತು. ಮುಸ್ಲಿಮರ ಜೊತೆಗೆ ಕ್ರೈಸ್ತ, ಸಿಖ್ಖ, ಬೌದ್ಧ, ಪಾರ್ಸಿ, ಜೈನ ವಿದ್ಯಾರ್ಥಿಗಳಿಗೂ ಅದು ನೆರವಾಯಿತು. ಬೇರೆ ಯೋಜನೆಗಳೊಂದಿಗೆ ಪುನರಾವರ್ತನೆಯಾಗುತ್ತಿದೆ ಎಂಬ ಕಾರಣ ನೀಡಿ ಕೇಂದ್ರ ಸರಕಾರವು 2022-23ರಿಂದ ಅದನ್ನು ನಿಲ್ಲಿಸಿತು. ಒಬ್ಬರೇ ಎರಡು ಫೆಲೋಶಿಪ್ ಪಡೆಯಲು ನಿಯಮವೇ ಅವಕಾಶ ಕೊಡದಿರುವಾಗ ಪುನರಾವರ್ತನೆಯ ಮಾತು ಎಲ್ಲಿಂದ ಬಂತು? ಸರಕಾರದ್ದೇ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು 1.8 ಲಕ್ಷದಷ್ಟು ಇಳಿದಿತ್ತು. ಇಳಿಯುತ್ತಿರುವವರ ಕೈಯಿಂದ ಊರುಗೋಲು ಕಸಿಯುವುದು ಯಾವ ಆಡಳಿತ ನೀತಿ?

ಆದರೆ ಸರಕಾರವನ್ನು ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಮದುವೆಯ ಒಂದು ದಿನದ ಊಟಕ್ಕೆ ಲಕ್ಷಗಳನ್ನು ಸುರಿಯುವ ನಮ್ಮ ಸಮುದಾಯವು, ಫೆಲೋಶಿಪ್ ತಡವಾಗಿ ಹಾಸ್ಟೆಲ್ ಬಾಡಿಗೆ ಕಟ್ಟಲಾಗದ ಸಂಶೋಧಕಿಗೆ ಆರು ತಿಂಗಳ ಬಡ್ಡಿರಹಿತ ಸಾಲ ಕೊಡುವ ನಿಧಿಯೊಂದನ್ನು ಎಷ್ಟು ಊರುಗಳಲ್ಲಿ ಕಟ್ಟಿದೆ? ಎಸೆಸೆಲ್ಸಿಯಲ್ಲಿ ಹೆಚ್ಚು ಅಂಕ ಗಳಿಸಿದ ಹೆಣ್ಣುಮಗಳಿಗೆ ಶಾಲು ಹೊದಿಸುವ ವೇದಿಕೆಗಳು ಬೇಕಾದಷ್ಟಿವೆ. ಅದೇ ಹೆಣ್ಣುಮಗಳು ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ ತಲೆಯೆತ್ತಿ ನೋಡಿದಾಗ ಮನೆಯಲ್ಲಿ ಕೇಳಿಬರುವುದು, ಇನ್ನೂ ಎಷ್ಟು ಓದುವುದು ಎಂಬ ಪ್ರಶ್ನೆ ಮಾತ್ರ. ವಿಶ್ವವಿದ್ಯಾನಿಲಯದ ಗಡುವಿಗಿಂತ ಮನೆಯ ಗಡುವು ಕೆಲವೊಮ್ಮೆ ಹೆಚ್ಚು ನಿರ್ದಯ.

ಪರಿಹಾರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕರ್ನಾಟಕದಲ್ಲಿ 2011ರ ಸೇವಾ ಖಾತರಿ ಕಾಯ್ದೆ ಇದೆ, 2012ರಿಂದ ಸಕಾಲ ಎಂಬ ಹೆಸರಿನಲ್ಲಿ ಅದು ಜಾರಿಯಲ್ಲಿದೆ. ಜಾತಿ ಪ್ರಮಾಣಪತ್ರವನ್ನು ನಿಗದಿತ ದಿನದೊಳಗೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರರು ಕೇಳಬಹುದು. ಮೊತ್ತ ಸಣ್ಣದು, ಆದರೆ ತತ್ವ ದೊಡ್ಡದು. ತಡ ಮಾಡಿದವರು ಉತ್ತರಿಸಬೇಕೆಂಬುದೇ ಆ ತತ್ವ. ಫೆಲೋಶಿಪ್ ಬಿಲ್ಲಿಗೂ ಪ್ರಬಂಧದ ಮೌಲ್ಯಮಾಪನಕ್ಕೂ ಇದನ್ನು ಕಟ್ಟುನಿಟ್ಟಾಗಿ ಅನ್ವಯಿಸಲಿ. ಕಡತ ಯಾರ ಮೇಜಿನಲ್ಲಿದೆಯೆಂಬುದು ವಿದ್ಯಾರ್ಥಿಗೆ ತಿಳಿಯುವಂತಾಗಲಿ. ಕಚೇರಿಯ ತಪ್ಪಿನಿಂದ ನಷ್ಟವಾದ ತಿಂಗಳುಗಳು ವಿದ್ಯಾರ್ಥಿಯ ಅವಧಿಗೆ ತಾನಾಗಿಯೇ ಸೇರಲಿ. ಮಾರ್ಗದರ್ಶಕರ ವಿರುದ್ಧದ ದೂರನ್ನು ಅದೇ ವಿಭಾಗದವರಲ್ಲದವರು ಆಲಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಕೋಟಿಗಳ ಅನುದಾನವೂ ಬೇಡ. ಇಚ್ಛಾಶಕ್ತಿ ಸಾಕು.

ವಿದ್ಯಾರ್ಥಿಯಿಂದ ಆರು ವರ್ಷಗಳ ಲೆಕ್ಕ ಕೇಳುವ ಹಕ್ಕು ವಿಶ್ವವಿದ್ಯಾನಿಲಯಕ್ಕಿದೆ. ಆದರೆ ಏಳು ತಿಂಗಳ ಲೆಕ್ಕ ಕೊಡುವ ಹೊಣೆಯೂ ಅದಕ್ಕಿದೆ. ಆ ಹೊಣೆಯನ್ನು ನೆನಪಿಸಲು ಇನ್ನೊಬ್ಬ ವಿದ್ಯಾರ್ಥಿ ಕೊನೆಯ ಪತ್ರ ಬರೆಯುವಂತಾಗಬಾರದು.