ಕುಮಾರಪರ್ವತಕ್ಕೆ ಎಣಿಕೆ ಸಾಲದು, ದಾರಿ ತೋರುವವರು ಬೇಕು

ಕುಕ್ಕೆ ಸುಬ್ರಹ್ಮಣ್ಯದ ಪೇಟೆ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ. ಅದರ ಬೆನ್ನಿಗೆ ನಿಂತಿರುವ ಕುಮಾರಪರ್ವತದ ತುದಿ 1712 ಮೀಟರ್. ಇವೆರಡರ ನಡುವಿನ ಸುಮಾರು 1600 ಮೀಟರ್ ಏರನ್ನು 12-13 ಕಿಲೋಮೀಟರಿನ ಒಂದು ಕಾಲುದಾರಿ ಏರಿ ಮುಗಿಸುತ್ತದೆ. ಮೊದಲಿಗೆ ಕಡಲಿನ ಮೋಡಗಳನ್ನು ತಡೆದು ಬೆಳೆದ ನಿತ್ಯಹರಿದ್ವರ್ಣ ಕಾಡು. ಗಿರಿಗದ್ದೆ ದಾಟಿದ ಮೇಲೆ ತೆರೆದ ಹುಲ್ಲುಗಾವಲು. ಕಲ್ಲುಮಂಟಪ, ಶೇಷಪರ್ವತಗಳ ಆಚೆ ಮತ್ತೆ ಶೋಲಾ ಕಾಡು. ಕೊನೆಗೆ ಬಂಡೆಯ ತುದಿ. ಸೋಮವಾರಪೇಟೆ ಕಡೆಯಿಂದ ಇನ್ನೊಂದು ದಾರಿಯಿದೆ. ಈ ಪರ್ವತದಲ್ಲಿ ಹುಟ್ಟುವ ಕುಮಾರಧಾರಾ ಮಲ್ಲಳ್ಳಿಯಲ್ಲಿ ಧುಮುಕಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಬಳಿ ಕಡಲು ಸೇರುತ್ತದೆ. ಸುಮಾರು 102 ಚದರ ಕಿಲೋಮೀಟರಿನ ಪುಷ್ಪಗಿರಿ ವನ್ಯಜೀವಿಧಾಮವು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಈ ಕಾಲುದಾರಿಯ ಮೇಲೆ ಸಾವಿರಾರು ಜನ ಒಮ್ಮೆಗೇ ಸೇರಿದರು. ಜಾತ್ರೆಯಂತೆ ಕಾಣುತ್ತಿದ್ದ ಆ ಸಾಲಿನ ಚಿತ್ರಗಳು ನಾಡಿನಾದ್ಯಂತ ಹರಿದಾಡಿದವು. ಆನ್‌ಲೈನ್ ನೋಂದಣಿ ವ್ಯವಸ್ಥೆ ಇಲ್ಲದ ಕಡೆಗಳಲ್ಲಿ ಚಾರಣವನ್ನು ನಿಲ್ಲಿಸುವಂತೆ ಸರ್ಕಾರ ಆದೇಶಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂದಿತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂದಿತು. ಇದು ಸ್ವಾಗತಾರ್ಹ ಕ್ರಮವೇ. ಲೆಕ್ಕವೇ ಇಲ್ಲದಿದ್ದ ಕಡೆ ಲೆಕ್ಕವೊಂದು ಬಂದಿತಲ್ಲ ಎಂದು ಕಾಡಿನ ಅಂಚಿನ ಊರುಗಳು ನಿಟ್ಟುಸಿರು ಬಿಟ್ಟದ್ದು ಸಹಜ. ಆದರೆ ಲೆಕ್ಕ ಬಂದ ಮಾತ್ರಕ್ಕೆ ರಕ್ಷಣೆ ಬಂದಿತೆಂದು ತಿಳಿಯುವುದು ತಪ್ಪಾದೀತು.

ಸಣ್ಣದೊಂದು ಗಣಿತವನ್ನು ನೋಡಬಹುದು. ಒಂದು ಪಥದಲ್ಲಿ ದಿನಕ್ಕೆ 300 ಜನರಂತೆ 120 ದಿನ ಪೂರ್ತಿ ಭರ್ತಿಯಾದರೆ ಒಂದು ಋತುವಿಗೆ 36,000 ಜನ. ಹತ್ತುವುದು, ಇಳಿಯುವುದು ಎರಡನ್ನೂ ಸೇರಿಸಿದರೆ ಅದೇ ದಾರಿಯನ್ನು 72,000 ಸಲ ತುಳಿದಂತಾಯಿತು. ಈ ತುಳಿತ ಎಲ್ಲಿ ಬೀಳುತ್ತದೆ, ಯಾವ ಹವೆಯಲ್ಲಿ ಬೀಳುತ್ತದೆ ಎಂಬುದನ್ನು ಗಣಕಯಂತ್ರ ಹೇಳಲಾರದು. ಪರ್ವತದ ಅಳಿವು ಉಳಿವು ಇರುವುದು ಆ ಎರಡು ಪ್ರಶ್ನೆಗಳಲ್ಲಿ.

ಕಾಡಿನ ನೆಲದ ಮೇಲೆ ಮನುಷ್ಯನ ನಡಿಗೆ ಉಂಟುಮಾಡುವ ಹಾನಿಯನ್ನು ವಿಜ್ಞಾನಿಗಳು ಹಲವು ದೇಶಗಳಲ್ಲಿ ದಶಕಗಳಿಂದ ಅಳೆದಿದ್ದಾರೆ. ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ನಿಯಮ ಕಂಡುಬಂದಿದೆ. ಹಾನಿಯ ಬಹುಪಾಲು ಆಗುವುದು ಮೊದಮೊದಲ ತುಳಿತದಲ್ಲಿ. ಯಾರೂ ತುಳಿಯದ ನೆಲದ ಮೇಲೆ ಕೆಲವೇ ನೂರು ಸಲ ಕಾಲಿಟ್ಟರೆ ಸಸಿ, ಹಾವಸೆ, ತರಗೆಲೆಯ ಹೊದಿಕೆ ಬಹುಮಟ್ಟಿಗೆ ನಾಶವಾಗುತ್ತವೆ. ಈಗಾಗಲೇ ಗಟ್ಟಿಯಾದ ಹಳೆಯ ದಾರಿಯಲ್ಲಾದರೋ ಅಷ್ಟೇ ಜನ ಹೆಚ್ಚಾಗಿ ನಡೆದರೂ ಹೊಸ ಹಾನಿ ಕಡಿಮೆ. ಇದರ ಅರ್ಥ ಸ್ಪಷ್ಟ. ಒಂದೇ ದಾರಿಯಲ್ಲಿ ಸಾಲಾಗಿ ಹೋಗುವ 300 ಜನರಿಗಿಂತ, ಅಡ್ಡದಾರಿ ಹುಡುಕುತ್ತ ಕಾಡಿನೊಳಗೆ ಚದುರಿಹೋಗುವ 30 ಜನ ಪರ್ವತಕ್ಕೆ ಹೆಚ್ಚು ಕೇಡು ಮಾಡಬಲ್ಲರು. ಮಿತಿಯ ಸಂಖ್ಯೆಯನ್ನು ಕಾಗದದ ಮೇಲೆ ಪಾಲಿಸಬಹುದು. ದಾರಿಯನ್ನು ಮಾತ್ರ ಜೊತೆಗೆ ನಡೆಯುವ ಮನುಷ್ಯನೊಬ್ಬನೇ ಪಾಲಿಸುವಂತೆ ಮಾಡಬಲ್ಲ.

ಕರಾವಳಿ ಕಡೆಯ ಈ ಇಳಿಜಾರಿನ ಮೇಲೆ ವರ್ಷಕ್ಕೆ ಬೀಳುವ ಮಳೆ ಸಾಮಾನ್ಯವಾಗಿ 4000 ಮಿಲಿಮೀಟರ್ ಮೀರುತ್ತದೆ. ಅಷ್ಟು ಮಳೆಯನ್ನು ಕಡಿದಾದ ನೆಲ ತಾಳಿಕೊಳ್ಳುವುದು ತರಗೆಲೆಯ ಹೊದಿಕೆ ಮತ್ತು ಅದರಡಿಯ ಬೇರಿನ ಹೆಣಿಗೆಯಿಂದ. ಅಡಿಕೆ ತೋಟಕ್ಕೆ ಸೊಪ್ಪು ಹೊದಿಸುವ ಕೃಷಿಕನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊದಿಕೆ ಸರಿದಾಗ ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುತ್ತದೆ. ತುಳಿತಕ್ಕೆ ಸಿಕ್ಕಿ ಒತ್ತಾದ ಮಣ್ಣಿನೊಳಗೆ ನೀರು ಇಂಗದೆ ಮೇಲೆಯೇ ಹರಿಯುತ್ತದೆ. ಅಕ್ಕಪಕ್ಕದ ನೆಲಕ್ಕಿಂತ ತಗ್ಗಾದ ಕಾಲುದಾರಿ ಮಳೆಗಾಲದಲ್ಲಿ ಹಳ್ಳವಾಗುತ್ತದೆ. ಮುಂದಿನ ಋತುವಿನಲ್ಲಿ ಬಂದವರು ಕೊರಕಲನ್ನು ತಪ್ಪಿಸಲು ಅದರ ಅಂಚಿನಲ್ಲಿ ನಡೆಯುತ್ತಾರೆ; ಅಂಚೂ ಕೊರಕಲಾಗುತ್ತದೆ. ಒದ್ದೆ ಮಣ್ಣು ಒಣಮಣ್ಣಿಗಿಂತ ಬೇಗ ಒತ್ತಾಗುವುದರಿಂದ, ಮಳೆ ಬಂದ ಮರುದಿನದ ನಡಿಗೆಯ ಹಾನಿ ಬಿಸಿಲಿನ ದಿನದ್ದಕ್ಕಿಂತ ಬಹಳ ಹೆಚ್ಚು. ಶೇಷಪರ್ವತದ ದಿಬ್ಬಗಳಂಥ ಹುಲ್ಲುಗಾವಲಿನಲ್ಲಿ ಮರದ ತಡೆಯೂ ಇಲ್ಲ. ಅಲ್ಲಿ ಒಂದು ದಾರಿ ಎರಡಾಗಲು, ಎರಡು ನಾಲ್ಕಾಗಲು ಹೆಚ್ಚು ಕಾಲ ಬೇಕಿಲ್ಲ.

ಕೆಳಗಿನ ಕಾಡಿನಲ್ಲಿ ಇನ್ನೊಂದು ನಷ್ಟವಿದೆ. ಅದು ಕಣ್ಣಿಗೆ ಬೀಳುವುದಿಲ್ಲ. ಧೂಪದ ಮರದಂಥ ಮಳೆಕಾಡಿನ ಅನೇಕ ಮರಗಳ ಬೀಜಗಳು ಭತ್ತ, ರಾಗಿಯ ಬೀಜದಂತೆ ಕಾದು ಕೂರುವುದಿಲ್ಲ. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವೇ ಸಾಯಬೇಕು. ಆದ್ದರಿಂದ ಇಂಥ ಕಾಡಿನ ಉಳಿತಾಯವಿರುವುದು ಮಣ್ಣಿನೊಳಗಿನ ಬೀಜದಲ್ಲಿ ಅಲ್ಲ, ನೆರಳಿನಲ್ಲಿ ಮೊಣಕಾಲೆತ್ತರ ನಿಂತು ವರ್ಷಗಟ್ಟಲೆ ಬೆಳಕಿಗಾಗಿ ಕಾಯುತ್ತಿರುವ ಸಸಿಗಳಲ್ಲಿ. ದೊಡ್ಡ ಮರವೊಂದು ಉರುಳಿ ಬಿಸಿಲು ಬಿದ್ದಾಗ ಆ ಜಾಗವನ್ನು ತುಂಬುವವು ಅವೇ. ಒಂದು ಅಡ್ಡದಾರಿ ಕಡಿದಾಗ, ಹತ್ತು ಜನ ಕುಳಿತು ಉಣ್ಣಲು ಜಾಗ ಸವರಿದಾಗ ಹೋಗುವುದು ‘ಬರೀ ಗಿಡಗಂಟಿ’ ಅಲ್ಲ. ಆ ಜಾಗದ ಮುಂದಿನ ತಲೆಮಾರಿನ ಮರಗಳು.

ಹಾನಿಯನ್ನು ಉತ್ಪ್ರೇಕ್ಷಿಸುವುದೂ ಸರಿಯಲ್ಲ. 13 ಕಿಲೋಮೀಟರ್ ಉದ್ದ, ಎರಡು ಮೀಟರ್ ಅಗಲದ ದಾರಿಯೆಂದರೆ ಸುಮಾರು ಆರೂವರೆ ಎಕರೆ. ಅದು ಅಗಲವಾಗಿ ಆರು ಮೀಟರಾದರೂ 20 ಎಕರೆಯೊಳಗೇ. ವಿಶಾಲವಾದ ಆ ಅರಣ್ಯದಲ್ಲಿ ಇದು ಸಣ್ಣ ಪಾಲು. ಚಾರಣಿಗರಿಂದಲೇ ಕುಮಾರಧಾರಾ ಬತ್ತುತ್ತದೆ ಎನ್ನುವುದಾಗಲಿ, 2018ರ ಆಗಸ್ಟ್‌ನಲ್ಲಿ ಕೊಡಗು ಕಂಡ ಭೂಕುಸಿತಗಳನ್ನು ಕಾಲುದಾರಿಗಳ ತಲೆಗೆ ಕಟ್ಟುವುದಾಗಲಿ ವಿಜ್ಞಾನವಾಗದು. ರಸ್ತೆ, ಕಟ್ಟಡಗಳಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿಯುವ ಕೆಲಸದೆದುರು ಕಾಲ್ನಡಿಗೆಯ ಪಾಪ ಚಿಕ್ಕದೇ. ಆದರೆ ಕಾಲುದಾರಿಯ ಹಾನಿ ಚೌಕವಲ್ಲ, ಗೆರೆ. ಆ ಗೆರೆ ಒರತೆಗಳನ್ನು, ತೋಡುಗಳ ತಲೆಯನ್ನು, ಪ್ರಾಣಿಗಳ ಓಡಾಟದ ಜಾಡುಗಳನ್ನು ಕತ್ತರಿಸಿಕೊಂಡು ತಳದಿಂದ ತುದಿಯವರೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಆ ಗೆರೆಯ ಮೇಲೆ ಬಿದ್ದ ಒಂದು ಬೀಡಿಯ ತುಂಡು ಇಡೀ ಹುಲ್ಲುಗಾವಲಿಗೆ ಬೆಂಕಿ ಹಚ್ಚಲು ಸಾಕು.

ಇಂಥ ಪರ್ವತವನ್ನು ಜನರಿಗೆ ತೆರೆದಿಟ್ಟೂ ಕಾಪಾಡಿಕೊಂಡವರು ಇಲ್ಲವೇ? ಆಸ್ಟ್ರೇಲಿಯಾದ ಪೂರ್ವಕ್ಕೆ ಸಾಗರದ ನಡುವೆ ಲಾರ್ಡ್ ಹೋವ್ ಎಂಬ ಪುಟ್ಟ ದ್ವೀಪವಿದೆ. 1982ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ದ್ವೀಪದಲ್ಲಿ ಕಡಲಿನಿಂದ ನೇರವಾಗಿ ಮೇಲೆದ್ದಿರುವ ಮೌಂಟ್ ಗೋವರ್ ಎಂಬ 875 ಮೀಟರಿನ ಶಿಖರವಿದೆ. ಅದರ ತಲೆಯ ಮೇಲೆ ಮೋಡ ಕವಿದ ಮಳೆಕಾಡು. ಪರವಾನಗಿ ಪಡೆದ ಮಾರ್ಗದರ್ಶಕನಿಲ್ಲದೆ ಪ್ರವಾಸಿಗರು ಅದನ್ನು ಏರುವಂತಿಲ್ಲ. ಒಮ್ಮೆಗೆ ಸುಮಾರು 400 ಪ್ರವಾಸಿಗರಿಗೆ ಮಾತ್ರ ದ್ವೀಪದಲ್ಲಿ ತಂಗಲು ಅವಕಾಶ. ಕಾಡಿನ ದಾರಿಗಳ ಆರಂಭದಲ್ಲಿ ಬೂಟಿನ ಅಡಿಯನ್ನು ಉಜ್ಜಿ ತೊಳೆಯುವ ವ್ಯವಸ್ಥೆಯಿದೆ. ಬೇರುಗಳನ್ನು ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣು ಮಣ್ಣಿನೊಂದಿಗೆ ಸಾಗುತ್ತದೆಂಬ ಎಚ್ಚರ ಅದಕ್ಕೆ ಕಾರಣ. ಮಲೆನಾಡಿನವರಿಗೆ ಆ ಹೆಸರು ಹೊಸದಾಗಿದ್ದರೂ ಕುಲ ಹೊಸದಲ್ಲ. ಅಡಿಕೆಗೆ ಬರುವ ಕೊಳೆರೋಗ, ಕರಾವಳಿಯವರ ಮಹಾಳಿ, ಅದೇ ಕುಲದ ಇನ್ನೊಂದು ಜಾತಿಯ ಕೆಲಸ. ಬೋರ್ಡೊ ದ್ರಾವಣ ಹಿಡಿದು ಮಳೆಗಾಲವಿಡೀ ಅದರೊಡನೆ ಸೆಣಸುವ ಜನಕ್ಕೆ, ಒಂದು ಊರಿನ ಮಣ್ಣನ್ನು ಇನ್ನೊಂದು ಊರಿನ ಕಾಡಿಗೆ ಬೂಟಿನಲ್ಲಿ ಕೊಂಡೊಯ್ಯಬಾರದೆಂಬ ಮಾತು ತಟ್ಟನೆ ಅರ್ಥವಾದೀತು.

ಕುಮಾರಪರ್ವತಕ್ಕೆ ಮಾರ್ಗದರ್ಶಕ ಯಾರಾಗಬೇಕು ಎಂಬುದು ಮುಂದಿನ ಪ್ರಶ್ನೆ. ಉತ್ತರ ಪರ್ವತದ ಬುಡದಲ್ಲೇ ಇದೆ. ಚಾರಣಿಗರು ದಾರಿ ತಪ್ಪಿದಾಗ ರಾತ್ರೋರಾತ್ರಿ ಟಾರ್ಚ್ ಹಿಡಿದು ಕಾಡಿಗೆ ಇಳಿಯುವವರು ಬುಡದ ಊರುಗಳವರೇ. ಯಾವ ತೋಡಿಗೆ ಯಾವ ತಿಂಗಳವರೆಗೆ ನೀರಿರುತ್ತದೆ, ಆನೆ ಯಾವ ಕಡೆ ಇಳಿದಿದೆ, ಮಂಜು ಕವಿದರೆ ಎಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಗೊತ್ತು. ಆದರೂ ಚಾರಣದ ಹಣದಲ್ಲಿ ದೊಡ್ಡ ಪಾಲು ಪಟ್ಟಣದಲ್ಲೇ ತಂಡ ಕಟ್ಟಿ, ವಾಹನ ಹತ್ತಿಸಿ ಕಳುಹಿಸುವವರ ಕೈಸೇರಿದರೆ, ಬುಡದ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮಾತ್ರ. ಕಾಡಿನ ಅಂಚಿನಲ್ಲೇ ಓದು ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವ ಯುವಕ ಯುವತಿಯರಿಗೆ ಇದೊಂದು ಗೌರವದ ದುಡಿಮೆಯಾಗಬಲ್ಲದು. ಮರ ಗುರುತಿಸುವುದು, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವುದು, ದಾರಿಯ ದುರಸ್ತಿ ಇವಿಷ್ಟನ್ನು ಕಲಿಸಿ, ಪರೀಕ್ಷಿಸಿ, ಪರವಾನಗಿ ಕೊಡುವುದು ಅರಣ್ಯ ಇಲಾಖೆಗೆ ಕಷ್ಟದ ಕೆಲಸವೇನಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಮಾರ್ಗದರ್ಶಕನ ಸಂಬಳ ಸೇರಿದರೆ ಬಡ ವಿದ್ಯಾರ್ಥಿಗೆ ಪರ್ವತ ದೂರವಾಗುವುದಿಲ್ಲವೇ ಎಂಬುದು ಮೊದಲನೆಯದು. ಈ ಮಾತಿನಲ್ಲಿ ಹುರುಳಿದೆ. ಸುತ್ತಲಿನ ತಾಲ್ಲೂಕುಗಳ ಶಾಲಾ ಕಾಲೇಜುಗಳಿಗೆ ಋತುವಿನ ಕೆಲವು ದಿನಗಳನ್ನು ಉಚಿತವಾಗಿ ಮೀಸಲಿಡುವುದೇ ಇದಕ್ಕೆ ಪರಿಹಾರ. ತಲೆತಲಾಂತರದಿಂದ ದೇವರ ಪರ್ವತವೆಂದು ಏರುವ ಭಕ್ತರನ್ನು ತಡೆಯುವುದೇ ಎಂಬುದು ಎರಡನೆಯದು. ಬರಿಗಾಲಲ್ಲಿ, ಒಂದೇ ದಾರಿಯಲ್ಲಿ, ಹೋದ ಹಾಗೆಯೇ ಮರಳಿ ಬರುತ್ತಿದ್ದ ಹಳೆಯ ಯಾತ್ರೆಯ ಶಿಸ್ತನ್ನೇ ಈ ವ್ಯವಸ್ಥೆ ಎಲ್ಲರಿಗೂ ಅನ್ವಯಿಸುತ್ತದೆ, ಅದರಲ್ಲಿ ವಿರೋಧವಿಲ್ಲ. ಪರ್ವತವನ್ನು ಪೂರ್ತಿ ಮುಚ್ಚಿಬಿಡಬಾರದೇಕೆ ಎಂಬುದು ಮೂರನೆಯದು. ಕಾಡನ್ನೇ ಕಾಣದ ತಲೆಮಾರು ಕಾಡಿನ ಪರವಾಗಿ ನಿಲ್ಲುವುದಿಲ್ಲ. ಅಣೆಕಟ್ಟು, ಗಣಿ, ರಸ್ತೆಗಳ ವಿರುದ್ಧ ಮಲೆನಾಡಿನಲ್ಲಿ ನಡೆದ ಹೋರಾಟಗಳಿಗೆ ಬಲ ಬಂದದ್ದು ಆ ನೆಲದಲ್ಲಿ ನಡೆದಾಡಿ ಬಲ್ಲವರಿಂದ.

ಆದ್ದರಿಂದ ಬೇಡಿಕೆಗಳು ಸರಳವಾಗಿವೆ. ಎರಡೂ ಕಡೆಯಿಂದ ಒಂದೊಂದೇ ದಾರಿ ಇರಲಿ. ಉಳಿದ ಅಡ್ಡದಾರಿಗಳನ್ನು ಮುಳ್ಳು, ಉರುಳಿದ ಮರಗಳಿಂದ ಮುಚ್ಚಿ ಕಾಡಿಗೆ ಮರಳಿಸಲಿ. ಏರಿನಲ್ಲಿ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಿ ಮಳೆನೀರನ್ನು ಪಕ್ಕದ ಕಾಡಿಗೆ ತಿರುಗಿಸಲಿ. ಪ್ರತಿ ಸಣ್ಣ ತಂಡದೊಂದಿಗೂ ಬುಡದ ಊರಿನ, ತರಬೇತಿ ಪಡೆದ ಮಾರ್ಗದರ್ಶಕನಿರಲಿ. ಜೋರು ಮಳೆಯ ಮರುದಿನ ದಾರಿ ಮುಚ್ಚುವ ಅಧಿಕಾರ ಸ್ಥಳದಲ್ಲೇ ಇರುವವರಿಗೆ ದೊರೆಯಲಿ. ಮುಂಗಡ ನೋಂದಣಿ ಅದಕ್ಕೆ ಅಡ್ಡಿಯಾಗದಿರಲಿ. ಶುಲ್ಕದ ನಿಶ್ಚಿತ ಪಾಲು ದಾರಿಯ ದುರಸ್ತಿಗೂ ಬುಡದ ಗ್ರಾಮಗಳಿಗೂ ಸಲ್ಲಲಿ, ಅದರ ಲೆಕ್ಕ ಗ್ರಾಮಸಭೆಯಲ್ಲಿ ಓದಲ್ಪಡಲಿ.

ಇದರಲ್ಲಿ ಊರಿನವರ ಹೊಣೆಯೂ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ದಾರಿಯನ್ನು ನಡೆದು ನೋಡಲಿ. ಗುರುತು ಹಾಕಿದ ಹತ್ತು ಜಾಗಗಳಲ್ಲಿ ದಾರಿಯ ಅಗಲ, ಕೊರಕಲಿನ ಆಳ, ಅಂಚಿನ ಸಸಿಗಳ ಎಣಿಕೆ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಅದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಪೆನ್ಸಿಲು. ನಾಲ್ಕಾರು ವರ್ಷಗಳ ಅಂಥ ದಾಖಲೆ ಕೈಯಲ್ಲಿದ್ದರೆ, 300 ಎಂಬ ಸಂಖ್ಯೆ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಯನ್ನು ಬೆಂಗಳೂರಿನ ಕಚೇರಿಗೆ ಬಿಟ್ಟುಕೊಡಬೇಕಾಗಿಲ್ಲ. ಪರ್ವತವೇ ಕೊಟ್ಟ ಲೆಕ್ಕವನ್ನು ಮುಂದಿಟ್ಟು ಬುಡದ ಊರುಗಳೇ ಮಾತನಾಡಬಹುದು.