ಕಡಲಿಲ್ಲದ ನೇಪಾಳ: ಕೂಲಿ ಇಳಿಸಿದರೆ ಕಾರ್ಖಾನೆ ಏಳುವುದೆ?

ನಮ್ಮೂರಿನ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆಯುವ, ರಾತ್ರಿಯ ವೇಳೆ ಪೇಟೆಬೀದಿಯಲ್ಲಿ ಸೀಟಿ ಊದುತ್ತ ಕಾವಲು ತಿರುಗುವ ನೇಪಾಳದ ತರುಣರನ್ನು ವಾಚಕರು ದಿನವೂ ಕಾಣುತ್ತಾರೆ. ಬೆಂಗಳೂರಿನಲ್ಲಿ ಇವರ ಸಂಖ್ಯೆ ಇನ್ನೂ ಹೆಚ್ಚು. ಹಿಮಾಲಯದ ತಪ್ಪಲಿನಿಂದ ದಿನಗಟ್ಟಲೆ ರೈಲಿನಲ್ಲಿ ಕುಳಿತು ಇಷ್ಟು ದೂರ ಬಂದು ಪರರ ಎಂಜಲು ತಟ್ಟೆ ಎತ್ತಬೇಕಾದರೆ, ಹುಟ್ಟಿದ ನಾಡಿನಲ್ಲಿ ಅವರಿಗೆ ದುಡಿಮೆಯೇ ಇಲ್ಲವೆ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಕೇಳಿದವರಿಗೆ ಅರ್ಥಪಂಡಿತರ ಉತ್ತರ ಸಿದ್ಧವಾಗಿದೆ. ನೇಪಾಳಕ್ಕೆ ಸಮುದ್ರವಿಲ್ಲ, ಮೂರು ಕಡೆ ಭಾರತ, ಒಂದು ಕಡೆ ಹಿಮಪರ್ವತಗಳಾಚೆ ಚೀನ. ಆದ್ದರಿಂದ ಅಲ್ಲಿಯ ಕೈಗಾರಿಕೆಗಳು ಹೊರಗಿನ ಪೈಪೋಟಿಯೆದುರು ನಿಲ್ಲಲಾರವು. ನಿಲ್ಲಬೇಕಾದರೆ ಕೂಲಿ ಇಳಿಯಬೇಕು, ಕಾರ್ಮಿಕ ಕಾನೂನು ಸಡಿಲವಾಗಬೇಕು, ಮಾಲೀಕನಿಗೆ ಬೇಕೆಂದಾಗ ಕೆಲಸಕ್ಕೆ ತೆಗೆದುಕೊಂಡು ಬೇಡವೆಂದಾಗ ಹೊರಗೆ ಕಳಿಸುವ ಸ್ವಾತಂತ್ರ್ಯವಿರಬೇಕು. ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ 32 ಕಡಲಿಲ್ಲದ, ಬೆಳೆಯುತ್ತಿರುವ ರಾಷ್ಟ್ರಗಳ ಪೈಕಿ ಹಲವಕ್ಕೆ ಇದೇ ಮದ್ದನ್ನು ಬರೆದುಕೊಡಲಾಗುತ್ತಿದೆ. ಈ ಮದ್ದು ತಪ್ಪು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕಾಲಿನ ಹುಣ್ಣಿಗೆ ಹೊಟ್ಟೆಯನ್ನು ಕೊಯ್ಯುವ ವೈದ್ಯ ಇದು.

ಮೊದಲು ದಾರಿಯ ಲೆಕ್ಕ ನೋಡೋಣ. ನೇಪಾಳದ ಕಡಲ ವ್ಯಾಪಾರ ಬಹಳ ಕಾಲದಿಂದ ನಡೆದುಬಂದಿರುವುದು ಕಲ್ಕತ್ತೆಯ ಮೂಲಕ. ಕಲ್ಕತ್ತೆ ಹೂಗ್ಲಿ ನದಿಯ ಮೇಲಿನ ಬಂದರು. ನೀರಿನ ಆಳ ಕಡಿಮೆ. ದೊಡ್ಡ ಹಡಗುಗಳು ಅಲ್ಲಿಗೆ ಬರಲಾರವು. ಸರಕು ಸಿಂಗಪುರದಲ್ಲೋ ಕೊಲಂಬೋದಲ್ಲೋ ಇಳಿದು, ಸಣ್ಣ ಹಡಗನ್ನು ಹತ್ತಿ ಬರಬೇಕು. ಬಂದ ಮೇಲೆ ಸುಂಕದ ಕಾಗದಪತ್ರ, ರೈಲಿಗಾಗಿ ಕಾಯುವುದು, ಅನಂತರ ಬಿಹಾರದ ರಕ್ಸೌಲ್ ದಾಟಿ ಗಡಿಯಾಚೆಯ ಬೀರ್‌ಗಂಜಿನ ಒಣಬಂದರಿಗೆ ಸುಮಾರು 700 ಕಿಲೊಮೀಟರ್ ಪ್ರಯಾಣ. ಅಲ್ಲಿಂದ ಕಾಠ್ಮಂಡುವಿಗೆ ಬೆಟ್ಟದ ದಾರಿ. ಹಡಗು ಕಂಪನಿಯ ಕಂಟೈನರನ್ನು ಗೊತ್ತಾದ ದಿನದೊಳಗೆ ಹಿಂದಿರುಗಿಸದಿದ್ದರೆ ದಿನಲೆಕ್ಕದಲ್ಲಿ ದಂಡ. 2023–24ರಲ್ಲಿ ನೇಪಾಳ ಒಂದು ರೂಪಾಯಿಯ ಸರಕನ್ನು ಹೊರಗೆ ಮಾರಿದರೆ ಸುಮಾರು ಹತ್ತು ರೂಪಾಯಿಯ ಸರಕನ್ನು ಹೊರಗಿನಿಂದ ತರಿಸಿಕೊಂಡಿತು. ಹೀಗಾಗಿ ತುಂಬಿ ಬಂದ ಕಂಟೈನರು ಬಹುಮಟ್ಟಿಗೆ ಬರಿದಾಗಿ ಮರಳುತ್ತದೆ. ಹೋಗಿ ಬರುವ ಎರಡೂ ಬಾಡಿಗೆ ಒಂದೇ ಸರಕಿನ ತಲೆಯ ಮೇಲೆ ಕೂರುತ್ತದೆ. ದಾರಿಯಲ್ಲಿ ಕಳೆದ ಪ್ರತಿಯೊಂದು ದಿನಕ್ಕೂ ಬ್ಯಾಂಕಿನ ಬಡ್ಡಿ ಬೇರೆ.

ಉಡುಪಿನ ಕಾರ್ಖಾನೆಗಳ ಗತಿಯೇ ಇದಕ್ಕೆ ಸಾಕ್ಷಿ. 1990ರ ದಶಕದಲ್ಲಿ ನೇಪಾಳದ ಸಿದ್ಧ ಉಡುಪು ಅಮೆರಿಕದ ಪೇಟೆಗೆ ಚೆನ್ನಾಗಿಯೇ ಹೋಗುತ್ತಿತ್ತು. ಜಗತ್ತಿನ ಜವಳಿ ವ್ಯಾಪಾರಕ್ಕೆ ಆಗ ಕೋಟಾ ಪದ್ಧತಿಯಿತ್ತು. ದೊಡ್ಡ ರಾಷ್ಟ್ರಗಳು ಮಿತಿ ಮೀರಿ ಮಾರುವಂತಿರಲಿಲ್ಲವಾದ್ದರಿಂದ ಸಣ್ಣವರಿಗೂ ಜಾಗವಿತ್ತು. 2005ರ ಜನವರಿ 1ರಂದು ಕೋಟಾ ಹೋಯಿತು. ಅರಿವೆ ಕಲ್ಕತ್ತೆಯ ದಾರಿಯಲ್ಲಿ ಒಳಗೆ ಬಂದು, ಹೊಲಿಗೆಯಾಗಿ, ಅದೇ ದಾರಿಯಲ್ಲಿ ಹೊರಗೆ ಹೋಗುವಷ್ಟರಲ್ಲಿ, ಬಂದರಿನ ಮಗ್ಗುಲಲ್ಲಿ ಕಾರ್ಖಾನೆ ಇಟ್ಟವರು ಸರಕನ್ನು ತಲುಪಿಸಿಬಿಡುತ್ತಿದ್ದರು. ನೇಪಾಳದ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಕೋಟಾ ಹೋದ ದಿನ ದರ್ಜಿಯ ಕೂಲಿಯೇನೂ ಏರಿರಲಿಲ್ಲವೆಂಬುದನ್ನು ನಮ್ಮ ಪಂಡಿತರು ಗಮನಿಸಬೇಕು.

ಇನ್ನು ಕೂಲಿಯ ಮಾತು. 2025ರ ಜುಲೈಯಲ್ಲಿ ನೇಪಾಳ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ತಿಂಗಳಿಗೆ 19,550 ನೇಪಾಳಿ ರೂಪಾಯಿ. ನಮ್ಮ ರೂಪಾಯಿಯಲ್ಲಿ ಸುಮಾರು 12,200. ಬಾಂಗ್ಲಾದೇಶದ ಉಡುಪಿನ ಕಾರ್ಖಾನೆಗಳ ಕನಿಷ್ಠ ಕೂಲಿಗಿಂತ ಇದು ಹೆಚ್ಚೆಂದು ಮಾಲೀಕರು ದೂರುತ್ತಾರೆ. ಹೆಚ್ಚೆಂಬುದು ನಿಜ, ನಾವು ಅಲ್ಲಗಳೆಯುವುದಿಲ್ಲ. ಆದರೆ ಇಳಿಸುವುದು ಹೇಗೆ? 1950ರ ಒಪ್ಪಂದದಿಂದ ಭಾರತ ಮತ್ತು ನೇಪಾಳಗಳ ನಡುವಿನ ಗಡಿ ದುಡಿಯುವವನಿಗೆ ತೆರೆದಿದೆ. ಕೊಲ್ಲಿ ರಾಷ್ಟ್ರಗಳಿಗೂ ಮಲೇಷ್ಯಕ್ಕೂ ವಿಮಾನಗಳು ತುಂಬಿ ಹೋಗುತ್ತಿವೆ. ನೇಪಾಳಿ ಕೂಲಿಯ ಕೆಳಮಟ್ಟವನ್ನು ಕಾಠ್ಮಂಡುವಿನ ಕಾನೂನಿಗಿಂತ ಹೆಚ್ಚಾಗಿ ಬೆಂಗಳೂರು, ದೆಹಲಿ, ದೋಹಾಗಳು ನಿರ್ಧರಿಸುತ್ತಿವೆ. ಕಾರ್ಖಾನೆಯ ಕೂಲಿ ಇಳಿದ ಮಾರನೆಯ ದಿನ ತರುಣನು ಗಂಟುಮೂಟೆ ಕಟ್ಟುತ್ತಾನೆ. ನೇಪಾಳದ ತರಾಯಿ ಬಯಲಿನ ಕಾರ್ಖಾನೆಗಳಲ್ಲಿ ಈಗಲೂ ಬಿಹಾರದಿಂದ ಹೋದ ಕೂಲಿಗಳು ದುಡಿಯುತ್ತಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಗ್ಗದ ಕೂಲಿಯ ಪ್ರಯೋಗವನ್ನು ಕೊನೆಯವರೆಗೆ ಮಾಡಿ ನೋಡಿದ ಇನ್ನೊಂದು ಕಡಲಿಲ್ಲದ ನಾಡೂ ಉಂಟು. ಅದು ಇಥಿಯೋಪಿಯ. 1993ರಲ್ಲಿ ಎರಿಟ್ರಿಯ ಬೇರೆಯಾದಾಗ ಅದು ತನ್ನ ಕರಾವಳಿಯನ್ನು ಕಳೆದುಕೊಂಡಿತು. ಆ ಸರ್ಕಾರ ಹವಾಸ ಎಂಬ ಊರಿನಲ್ಲಿ ದೊಡ್ಡ ಕೈಗಾರಿಕಾ ಬಡಾವಣೆ ಕಟ್ಟಿತು; ತಿಂಗಳಿಗೆ 26 ಡಾಲರಿನ ಮೂಲ ಕೂಲಿಗೆ ಹೊಲಿಯುವ ಕೈಗಳಿವೆಯೆಂದು ಹೊರದೇಶದ ಕಂಪನಿಗಳನ್ನು ಕರೆಯಿತು. ಕಂಪನಿಗಳು ಬಂದವು. ಆದರೆ ಆ ಕೂಲಿಯಲ್ಲಿ ಬಾಡಿಗೆ ಕೊಟ್ಟು ಹೊಟ್ಟೆ ಹೊರೆಯಲಾರದೆ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಕೆಲಸ ಬಿಟ್ಟರು. ಕಲಿತ ಕೈ ನಿಲ್ಲದ ಕಾರ್ಖಾನೆಯಲ್ಲಿ ಉತ್ಪಾದನೆ ಏರುವುದಾದರೂ ಹೇಗೆ? 2022ರ ಜನವರಿಯಲ್ಲಿ, ಅಂತರ್ಯುದ್ಧದ ಕಾರಣದಿಂದ, ಅಮೆರಿಕ ಸುಂಕದ ರಿಯಾಯಿತಿಯನ್ನೂ ಹಿಂತೆಗೆದುಕೊಂಡಿತು. ಅಗ್ಗದ ಕೂಲಿಯೊಂದನ್ನೇ ನಂಬಿದ ಉದ್ಯಮ ಎಷ್ಟು ದುರ್ಬಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ನೇಪಾಳಕ್ಕೆ ಮರಳೋಣ. ದಾರಿ ದೂರವಾದರೂ ಅದು ಯಾವಾಗಲೂ ತೆರೆದಿರುತ್ತದೆಂಬ ಭರವಸೆ ಇದ್ದರೆ ಉದ್ಯಮಿ ಹೇಗೋ ಲೆಕ್ಕ ಹಾಕಿಕೊಳ್ಳುತ್ತಾನೆ. ಆ ಭರವಸೆಯೂ ಅಲ್ಲಿಲ್ಲ. ಇದನ್ನು ಹೇಳುವಾಗ ಭಾರತೀಯರಾದ ನಾವು ತಲೆತಗ್ಗಿಸಬೇಕು. 1989ರ ಮಾರ್ಚಿಯಲ್ಲಿ ವ್ಯಾಪಾರ ಮತ್ತು ಸಾಗಣೆಯ ಒಪ್ಪಂದಗಳ ಅವಧಿ ಮುಗಿದಾಗ, ಎರಡನ್ನು ಬಿಟ್ಟು ಉಳಿದೆಲ್ಲ ಸಾಗಣೆಯ ದ್ವಾರಗಳನ್ನು ದೆಹಲಿ ಸರ್ಕಾರ ಮುಚ್ಚಿತು. ಸೀಮೆಎಣ್ಣೆಗಾಗಿ ಜನ ಸಾಲುನಿಂತರು. 2015ರ ಏಪ್ರಿಲಿನ ಭೂಕಂಪದಿಂದ ಮನೆಮಠ ಕಳೆದುಕೊಂಡ ಜನ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಜಾರಿಗೆ ಬಂದೊಡನೆ ಗಡಿಯಲ್ಲಿ ಲಾರಿಗಳು ಮತ್ತೆ ನಿಂತವು, 2016ರ ಫೆಬ್ರವರಿಯವರೆಗೆ. ತಾನು ದಿಗ್ಬಂಧನ ಹಾಕಿಲ್ಲ, ಮಧೇಸಿ ಜನರ ಚಳವಳಿಯೇ ಕಾರಣವೆಂದು ದೆಹಲಿ ಹೇಳಿತು. ಮಧೇಸಿಗಳ ಬೇಡಿಕೆಯಲ್ಲಿ ನ್ಯಾಯವಿತ್ತು. ಆದರೆ ಕಾರ್ಖಾನೆಗೆ ಡೀಸೆಲ್ ಇಲ್ಲದಾಯಿತು, ಆಸ್ಪತ್ರೆಗೆ ಔಷಧಿ ಇಲ್ಲದಾಯಿತು. ನೆರೆಯವನ ಬಾಗಿಲು ಯಾವ ಕಾರಣಕ್ಕಾದರೂ ಮುಚ್ಚಬಹುದೆಂಬ ಪಾಠ ಮಾತ್ರ ಉಳಿಯಿತು. ಅಂಥ ನೆಲದಲ್ಲಿ ಇಪ್ಪತ್ತು ವರ್ಷದ ದೃಷ್ಟಿಯಿಟ್ಟು ಯಂತ್ರ ಹೂಡುವವನು ಯಾರು?

ದೆಹಲಿಯ ನ್ಯಾಯದ ಇನ್ನೊಂದು ಮಾದರಿ ಸೆಣಬಿನದು. 2017ರ ಜನವರಿಯಲ್ಲಿ ಬಾಂಗ್ಲಾದೇಶದ ಸೆಣಬಿನ ಸರಕಿನ ಜೊತೆಗೆ ನೇಪಾಳದ ಸರಕಿನ ಮೇಲೂ ನಮ್ಮ ಸರ್ಕಾರ ವಿಶೇಷ ಸುಂಕ ಹೇರಿತು. ಅವಧಿ ಮುಗಿದಾಗ ಅದನ್ನು ಮುಂದುವರಿಸಿತು. ಅಷ್ಟು ದೊಡ್ಡ ಭಾರತಕ್ಕೆ ನೇಪಾಳದ ಬೆರಳೆಣಿಕೆಯ ಗಿರಣಿಗಳಿಂದ ಅಪಾಯವೆಂದರೆ ಕೇಳಿದವರು ನಗಬೇಕು.

ಹಾಗೆಂದು ಎಲ್ಲ ತಪ್ಪನ್ನೂ ದೆಹಲಿಯ ತಲೆಗೆ ಕಟ್ಟಿ ಕಾಠ್ಮಂಡುವಿನ ಆಳುವವರನ್ನು ಬಿಡಲಾಗದು. ಹಿಮಾಲಯದ ನದಿಗಳಿರುವ ಆ ನಾಡಿನಲ್ಲಿ ವಿದ್ಯುತ್ತಿಗೇನು ಕೊರತೆ? ಆದರೂ 2008ರಿಂದ 2016ರವರೆಗೆ ಬೇಸಗೆಗೆ ಮುಂಚಿನ ಒಣ ತಿಂಗಳುಗಳಲ್ಲಿ ಕೆಲವೊಮ್ಮೆ ದಿನಕ್ಕೆ ಹದಿನಾರು ಗಂಟೆ ದೀಪವಿರಲಿಲ್ಲ. ಕಾರ್ಖಾನೆಗಳು ಭಾರತದಿಂದ ಬಂದ ಡೀಸೆಲ್ ಸುಟ್ಟು ಯಂತ್ರ ತಿರುಗಿಸಿದವು. 2016ರ ಕೊನೆಗೆ ವಿದ್ಯುತ್ ಪ್ರಾಧಿಕಾರಕ್ಕೆ ಕುಲ್ಮಾನ್ ಘಿಸಿಂಗ್ ಬಂದು ಹಂಚಿಕೆಯನ್ನು ಬಿಗಿಮಾಡಿದೊಡನೆ ಕತ್ತಲೆ ಹಿಂದೆ ಸರಿಯಿತು. ಅಂದರೆ ಕೊರತೆಯ ಒಂದು ಭಾಗ ಆಡಳಿತದ್ದೇ ಆಗಿತ್ತು. ಇಂದು ಮಳೆಗಾಲದಲ್ಲಿ ನೇಪಾಳ ಭಾರತಕ್ಕೂ ಬಾಂಗ್ಲಾದೇಶಕ್ಕೂ ವಿದ್ಯುತ್ ಮಾರುತ್ತಿದೆ. ಚಳಿಗಾಲದಲ್ಲಿ ನದಿ ಇಳಿದಾಗ ಭಾರತದಿಂದ ಕೊಳ್ಳುತ್ತದೆ. ವಿದ್ಯುತ್ತನ್ನು ಹಸಿಯಾಗಿ ಮಾರಿ, ಅದರಿಂದ ತಯಾರಾದ ಸರಕನ್ನು ದುಬಾರಿಗೆ ಕೊಳ್ಳುವುದು ಹತ್ತಿ ಮಾರಿ ಬಟ್ಟೆ ಕೊಂಡ ಹಳೆಯ ಕತೆಯೇ ಸರಿ.

ಅಲ್ಲಿ ಹುಟ್ಟಿದ ಕೆಲವು ಉದ್ಯಮಗಳ ಬಂಡವಾಳವೇ ಬೇರೆ. ಹೊರಗಿನಿಂದ ಕಚ್ಚಾ ಸೋಯಾ ಎಣ್ಣೆ ತಂದು, ಶುದ್ಧಮಾಡಿ, ಸುಂಕವಿಲ್ಲದ ಗಡಿ ದಾಟಿಸಿ ಭಾರತಕ್ಕೆ ಮಾರುವುದು ಈಚಿನ ವರ್ಷಗಳಲ್ಲಿ ನೇಪಾಳದ ಮುಖ್ಯ ರಫ್ತುಗಳಲ್ಲೊಂದು. ಇದು ಎರಡು ದೇಶಗಳ ಸುಂಕದ ಅಂತರದ ಮೇಲೆ ನಿಂತ ವ್ಯಾಪಾರ. ದೆಹಲಿಯ ಒಂದು ಆಜ್ಞೆಯಿಂದ ಏಳುತ್ತದೆ, ಇನ್ನೊಂದರಿಂದ ಬೀಳುತ್ತದೆ. 2002ರಲ್ಲಿ ವನಸ್ಪತಿ ತುಪ್ಪ, ತಾಮ್ರದ ಸರಕು ಮುಂತಾದವಕ್ಕೆ ಭಾರತ ಮಿತಿ ಹಾಕಿದಾಗಲೇ ಈ ಪಾಠ ಆಗಬೇಕಿತ್ತು.

ಬಿರಾಟ್‌ನಗರದ ಸೆಣಬಿನ ಗಿರಣಿಯ ಕತೆಯನ್ನು ಸಮಾಜವಾದಿಗಳಾದ ನಾವು ಮರೆಯಕೂಡದು. 1936ರಲ್ಲಿ ಸ್ಥಾಪನೆಯಾದ ಆ ಗಿರಣಿಯಲ್ಲಿ 1947ರ ಮಾರ್ಚಿಯಲ್ಲಿ ನಡೆದ ಮುಷ್ಕರವೇ ರಾಣಾ ದೊರೆತನದ ವಿರುದ್ಧದ ಹೋರಾಟದ ಮೊದಲ ಕಹಳೆ. ಅದರಲ್ಲಿದ್ದ ಬಿ. ಪಿ. ಕೊಯಿರಾಲ, ಗಿರಿಜಾಪ್ರಸಾದ್ ಕೊಯಿರಾಲ, ಮನಮೋಹನ ಅಧಿಕಾರಿ ಈ ಮೂವರೂ ಮುಂದೆ ಪ್ರಧಾನಮಂತ್ರಿಗಳಾದರು. ಮುಷ್ಕರದ ಮುಂದಾಳುಗಳು ಗದ್ದುಗೆ ಏರಿದರು. ಗಿರಣಿ ಹಲವು ಸಲ ನಿಂತು, ಹಲವು ಸಲ ಓಡಿ, ಕಡೆಗೆ ಬಾಗಿಲು ಹಾಕಿತು. ಸೋವಿಯತ್ ಮತ್ತು ಚೀನೀ ನೆರವಿನಿಂದ ಎದ್ದ ಸರ್ಕಾರಿ ಕಾರ್ಖಾನೆಗಳು ಆಳುವ ಪಕ್ಷದವರಿಗೆ ಹುದ್ದೆ ಹಂಚುವ ಛತ್ರಗಳಾದವು. 1992ರಿಂದ ಅವುಗಳಲ್ಲಿ ಕೆಲವನ್ನು ಮಾರಿದರು, ಕೆಲವನ್ನು ಮುಚ್ಚಿದರು. ಸಾರ್ವಜನಿಕ ಒಡೆತನವೆಂದರೆ ಮಂತ್ರಿಯ ಒಡೆತನವಲ್ಲ ಎಂಬುದನ್ನು ನಮ್ಮವರೇ ಎಷ್ಟೋ ಕಡೆ ಮರೆತಿದ್ದಾರೆ. 1990ರ ದಶಕದ ನಡುವೆ ರಾಷ್ಟ್ರೀಯ ಉತ್ಪನ್ನದಲ್ಲಿ ಶೇಕಡ 9ರಷ್ಟಿದ್ದ ಕಾರ್ಖಾನೆಗಳ ಪಾಲು ಈಗ ಶೇಕಡ 5ರ ಆಸುಪಾಸಿಗೆ ಇಳಿದಿದೆ. ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ಮಾತ್ರ ಉತ್ಪನ್ನದ ಕಾಲುಭಾಗದಷ್ಟಾಗಿದೆ.

ಈ ಹಣವೇ ಆಳುವವರ ನಿದ್ರೆಗೆ ಕಾರಣ. ತರುಣ ದೋಹಾದಿಂದ ಹಣ ಕಳಿಸುತ್ತಾನೆ. ಮನೆಯವರು ಅದರಲ್ಲಿ ಹೊರಗಿನ ಅಕ್ಕಿ, ಬಟ್ಟೆ, ಮೋಟಾರು ಸೈಕಲ್ಲು ಕೊಳ್ಳುತ್ತಾರೆ. ಗಡಿಯ ಸುಂಕದ ಕಟ್ಟೆಯಲ್ಲಿ ಖಜಾನೆ ತುಂಬುತ್ತದೆ. ಕಾರ್ಖಾನೆಯಿಲ್ಲದೆಯೂ ಸರ್ಕಾರ ನಡೆಯುವುದಾದರೆ ಕಾರ್ಖಾನೆಯ ಚಿಂತೆ ಯಾರಿಗೆ? 2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನ ಬೀದಿಗಿಳಿದು ಸರ್ಕಾರವನ್ನು ಉರುಳಿಸಿದ ತರುಣರ ಸಿಟ್ಟಿನ ಹಿಂದೆ ಭ್ರಷ್ಟಾಚಾರದ ಜೊತೆಗೆ ಈ ನಿರುದ್ಯೋಗವೂ ಇತ್ತು.

ಹಾಗಾದರೆ ಆಗಬೇಕಾದುದೇನು? ಕಡಲಿಲ್ಲದಿರುವುದು ಹಣೆಬರಹವಲ್ಲ. ಸ್ವಿಟ್ಜರ್ಲೆಂಡಿಗೂ ಕಡಲಿಲ್ಲ. ಆದರೆ ರೈನ್ ನದಿಯ ಸಂಚಾರಕ್ಕೆ ಅಡ್ಡಿಯಿರಬಾರದೆಂದು 1868ರಲ್ಲೇ ನದೀತೀರದ ರಾಷ್ಟ್ರಗಳು ಮ್ಯಾನ್‌ಹೈಮಿನಲ್ಲಿ ಒಪ್ಪಂದ ಮಾಡಿಕೊಂಡಿದ್ದರಿಂದ ಬಾಸೆಲ್ ನಗರಕ್ಕೆ ಸಮುದ್ರದ ದಾರಿ ತೆರೆದೇ ಇದೆ. ಆ ದೇಶ ಕೈಗಡಿಯಾರ, ಔಷಧಿಯಂಥ ಹಗುರವಾದ, ಬೆಲೆಬಾಳುವ ಸರಕನ್ನು ಆರಿಸಿಕೊಂಡಿತು. ದಾರಿಯ ಬಾಡಿಗೆ ಅಂಥ ಸರಕಿಗೆ ಭಾರವಾಗದು. ಕೈಕಸಬಿಗೆ ಒಳ್ಳೆಯ ಕೂಲಿಯನ್ನೇ ಕೊಟ್ಟಿತು.

ನೇಪಾಳಕ್ಕೂ ಅಂಥ ಸರಕುಗಳುಂಟು. ಇಲಾಮಿನ ಚಹ, ದೊಡ್ಡ ಏಲಕ್ಕಿ, ಗಿಡಮೂಲಿಕೆ, ಪಶ್ಮಿನ, ಜಮಖಾನ. ಇವು ಕಚ್ಚಾ ರೂಪದಲ್ಲಿ ಸಿಲಿಗುರಿಯ ವರ್ತಕನ ಗೋದಾಮಿಗೆ ಹೋಗುವ ಬದಲು ಅಲ್ಲಿಯೇ ಹದವಾಗಿ, ಕಟ್ಟುಕಟ್ಟಿ, ಬೆಳೆದವರ ಸಹಕಾರ ಸಂಘಗಳ ಮುದ್ರೆಯೊಂದಿಗೆ ಹೊರಡಬೇಕು. ನದಿಯ ವಿದ್ಯುತ್ ಮೊದಲು ಸ್ವದೇಶದ ಕಾರ್ಖಾನೆಗೆ ವರ್ಷವಿಡೀ ಸಿಗಬೇಕು, ಉಳಿದದ್ದು ಮಾರಾಟಕ್ಕೆ. 2017ರ ಕಾರ್ಮಿಕ ಕಾನೂನಿನಲ್ಲಿ ದೊರೆತ ರಕ್ಷಣೆಯನ್ನು ಕಳೆಯದೆ, ಕಸಬು ಕಲಿಸುವ ಶಾಲೆಗಳಿಗೆ ಹಣ ಹಾಕಬೇಕು. ಅತಿ ಹಿಂದುಳಿದ ರಾಷ್ಟ್ರಗಳ ಪಟ್ಟಿಯಿಂದ ನೇಪಾಳ 2026ರ ನವೆಂಬರಿನಲ್ಲಿ ಹೊರಬರಬೇಕೆಂದು 2021ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿತು. ಆ ಪಟ್ಟಿ ಬಿಟ್ಟ ರಾಷ್ಟ್ರಕ್ಕೆ ಪರದೇಶದ ಸುಂಕದ ರಿಯಾಯಿತಿಗಳು ಕ್ರಮೇಣ ತಪ್ಪುತ್ತವೆ, ತಡಮಾಡಲು ವೇಳೆಯಿಲ್ಲ.

ನಮ್ಮ ದೇಶದ ಕರ್ತವ್ಯ ಇದಕ್ಕಿಂತ ಸ್ಪಷ್ಟ. ಕಡಲಿಗೆ ಹೋಗಿ ಬರುವ ದಾರಿ ಕಡಲಿಲ್ಲದ ರಾಷ್ಟ್ರದ ಹಕ್ಕೆಂದು 1982ರ ಅಂತರರಾಷ್ಟ್ರೀಯ ಸಮುದ್ರ ಕಾನೂನು ಒಪ್ಪಿದೆ. ಭಾರತವೂ ಅದಕ್ಕೆ ಸಹಿ ಹಾಕಿದೆ. 2023ರಲ್ಲಿ ನವೀಕರಿಸಿದ ಸಾಗಣೆ ಒಪ್ಪಂದದಲ್ಲಿ ರೈಲು ಮತ್ತು ಜಲಮಾರ್ಗಗಳ ಬಳಕೆಗೂ ಅವಕಾಶವಾಯಿತು; ಇದು ಒಳ್ಳೆಯ ಹೆಜ್ಜೆ. ಆದರೆ ಕೆಲವು ವರ್ಷಗಳಿಗೊಮ್ಮೆ ನವೀಕರಿಸಬೇಕಾದ ದಾರಿ ಹಕ್ಕಿನ ದಾರಿಯಾಗದು. ದಾರಿ ಕಾಯಮ್ಮಾಗಿ ತೆರೆದಿರಬೇಕು. ರಾಜಕೀಯದ ಸಿಟ್ಟಿಗೆ ಗಡಿಯ ಬಾಗಿಲನ್ನು ಆಯುಧ ಮಾಡಕೂಡದು. ಸೆಣಬಿನ ಮೇಲಿನ ಸುಂಕ ಹೋಗಬೇಕು. ನೇಪಾಳದ ಚಹದ ಪರೀಕ್ಷೆಯ ಪ್ರಮಾಣಪತ್ರ ಗಡಿಯ ಎರಡು ಕಡೆಗೂ ಸಲ್ಲಬೇಕು.

1943ರಲ್ಲಿ ಬ್ರಿಟಿಷರು ಬೆನ್ನಟ್ಟಿದಾಗ ಜಯಪ್ರಕಾಶರಿಗೂ ಲೋಹಿಯಾ ಅವರಿಗೂ ತಲೆಮರೆಸಿಕೊಳ್ಳಲು ನೆಲ ಸಿಕ್ಕಿದ್ದು ನೇಪಾಳದಲ್ಲಿ. ರಾಣಾ ಸರ್ಕಾರ ಅವರನ್ನು ಹನುಮಾನ್‌ನಗರದಲ್ಲಿ ಸೆರೆಯಿಟ್ಟಾಗ ಬಿಡಿಸಿತಂದವರ ಜೊತೆಯಲ್ಲಿ ಆ ನೆಲದ ಜನರೂ ಇದ್ದರು. ಆ ಋಣ ಇನ್ನೂ ತೀರಿಲ್ಲ. ನಮ್ಮ ಹೋಟೆಲಿನಲ್ಲಿ ಲೋಟ ತೊಳೆಯುವ ತರುಣನಿಗೆ ಕಾನೂನಿನ ಕೂಲಿಯೂ ವಾರದ ರಜೆಯೂ ಸಿಗುವಂತೆ ನೋಡಿಕೊಳ್ಳುವುದು ನಮ್ಮ ಕಾರ್ಮಿಕ ಸಂಘಗಳ ಇಂದಿನ ಕೆಲಸ. ಅವನ ತಮ್ಮ ಇಷ್ಟು ದೂರ ಬರಬೇಕಾಗದಂತೆ ಗಡಿಯ ದಾರಿಯನ್ನು ತೆರೆದಿಡಿರೆಂದು ದೆಹಲಿಯನ್ನು ಒತ್ತಾಯಿಸುವುದು ನಮ್ಮೆಲ್ಲರ ಕೆಲಸ.